ದೇವನಹಳ್ಳಿ ಕೋಟೆಯಲ್ಲಿ ಬಿಟ್ಟು ಬಂದ ದನಿ

ನಮ್ಮ ಮನೆಯಲ್ಲಿ ಹಗಲು ಹೊತ್ತು ಯಾರೂ ಗಟ್ಟಿಯಾಗಿ ಮಾತಾಡುವಂತಿರಲಿಲ್ಲ. ಅಪ್ಪನಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಳಗಾಗುತ್ತಲೇ ಬಂದು, ಕಾಲು ತೊಳೆದು, ಒಂದು ಲೋಟ ಚಹಾ ಕುಡಿದು ಮಲಗಿದನೆಂದರೆ ಏಳುವುದು ನಾನು ಶಾಲೆಯಿಂದ ಬಂದ ಮೇಲೆಯೇ. ಯಶವಂತಪುರದ ರೈಲ್ವೆ ಸ್ಟೇಷನ್ನಿನ ಹಿಂದಿನ ಒಂದು ವಠಾರದಲ್ಲಿ ನಮ್ಮದು ಒಂದೂವರೆ ಕೋಣೆಯ ಮನೆ. ಒಂದರಲ್ಲಿ ಅಪ್ಪನ ನಿದ್ದೆ ವಾಸವಾಗಿತ್ತು, ಉಳಿದ ಅರ್ಧದಲ್ಲಿ ಅವ್ವ ಮತ್ತು ನಾನು. ಎರಡರ ನಡುವೆ ಎದೆಮಟ್ಟದ ಗೋಡೆ. ಆಚೆ ಮಂಚ, ಈಚೆ ಒಲೆ. ಕಿಟಕಿಗೆ ಅವ್ವ ತನ್ನ ಹಳೆಯ ಇಳಕಲ್ ಸೀರೆಯನ್ನು ಮಡಿಕೆ ಮಡಿಕೆಯಾಗಿ ಕಟ್ಟಿದ್ದಳು. ಮಟಮಟ ಮಧ್ಯಾಹ್ನದಲ್ಲೂ ಒಳಗೆ ಕೆಂಪು ಮಬ್ಬು. ಗೂಡ್ಸ್ ಗಾಡಿ ಹೋಗುವಾಗ ಮಂಚವೇ ಅಲುಗಿದರೂ ಅಪ್ಪನಿಗೆ ಎಚ್ಚರವಾಗುತ್ತಿರಲಿಲ್ಲ. ಆದರೆ ಒಂದು ಚಮಚ ನೆಲಕ್ಕೆ ಬಿದ್ದರೆ ಸಾಕು, ಗೋಡೆಯಾಚೆಯಿಂದ "ಯಾರಲೇ ಅದು?" ಎಂದು ಕೇಳಿಸುತ್ತಿತ್ತು. ಆ ನಿದ್ದೆಯನ್ನು ಕಾಯುವುದೇ ಅವ್ವನ ಹಗಲಿನ ಉದ್ಯೋಗ. ಸೊಪ್ಪಿನವಳು ಕೂಗುವ ಮೊದಲೇ ಓಡಿ ಹೋಗಿ ಬೆರಳು ತುಟಿಗಿಟ್ಟು ನಿಲ್ಲುತ್ತಿದ್ದಳು. ಚಾಕು ಸಾಣೆ ಹಿಡಿಯುವವನನ್ನು ಗಲ್ಲಿಯ ತುದಿಯಿಂದಲೇ ವಾಪಸು ಕಳಿಸುತ್ತಿದ್ದಳು. ವಠಾರದ ಹುಡುಗರು ಗೋಲಿ ಆಡುವುದಿದ್ದರೂ ನಮ್ಮ ಬಾಗಿಲಿನಿಂದ ಅಷ್ಟು ದೂರ ಹೋಗಿಯೇ ಆಡಬೇಕು. ಸಂಜೆ ಅಪ್ಪ ಎದ್ದು ಆಕಳಿಸಿದಾಗ ಅವ್ವ ಹಗಲೆಲ್ಲ ತಾನೇ ಕೆಲಸ ಮಾಡಿ ಬಂದವಳಂತೆ ಗೋಡೆಗೆ ಒರಗುತ್ತಿದ್ದಳು. ಒಬ್ಬರು ರಾತ್ರಿಯಿಡೀ ದುಡಿದು ದಣಿದವರು, ಇನ್ನೊಬ್ಬರು ಹಗಲಿಡೀ ಸದ್ದು ತಡೆದು ದಣಿದವರು.

ಎಲ್ಲಕ್ಕಿಂತ ದೊಡ್ಡ ತೊಂದರೆ ರೊಟ್ಟಿಯದು. ನಾವು ಧಾರವಾಡ ಕಡೆಯವರು. ನಮ್ಮಲ್ಲಿ ಜೋಳದ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಅಂಗೈಯಿಂದ ಬಡಿಯುತ್ತಾರೆ. ಆ ಸದ್ದು ವಠಾರದ ಕೊನೆಯ ಮನೆಗೂ ಮುಟ್ಟುತ್ತದೆ. ನಾವು ಹೊಸದಾಗಿ ಬಂದಾಗ ಅಕ್ಕಪಕ್ಕದವರು ಅಪ್ಪ ಅವ್ವನಿಗೆ ಹೊಡೆಯುತ್ತಿದ್ದಾನೆಂದು ತಿಳಿದು ಬಿಡಿಸಲು ಬಂದಿದ್ದರಂತೆ. ಬಾಗಿಲು ತೆರೆದರೆ ಅಪ್ಪ ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದನಂತೆ. ಹಗಲಿನಲ್ಲಿ ರೊಟ್ಟಿ ಬಡಿದರೆ ಅಪ್ಪನ ನಿದ್ದೆ ಕೆಡುತ್ತದೆ. ಅದಕ್ಕಾಗಿ ಅವ್ವ ನಸುಕಿನಲ್ಲಿ, ಅಪ್ಪ ಇನ್ನೂ ಕಾರ್ಖಾನೆಯಲ್ಲಿರುವಾಗಲೇ, ದಿನದ ರೊಟ್ಟಿ ಮುಗಿಸಿ ಬುಟ್ಟಿಯಲ್ಲಿ ಮುಚ್ಚಿಡುತ್ತಿದ್ದಳು. ತಡವಾಯಿತೋ, ಅವತ್ತು ಅನ್ನವೇ ಗತಿ. ಅನ್ನ ಸದ್ದಿಲ್ಲದೆ ಬೇಯುವ ಸಾಧು ಪ್ರಾಣಿ ಎಂದು ಅವ್ವ ಅದನ್ನು ಸ್ವಲ್ಪ ತಿರಸ್ಕಾರದಿಂದಲೇ ಬಡಿಸುತ್ತಿದ್ದಳು.

ಇಂಥ ಮನೆಯಲ್ಲಿ ಹುಟ್ಟಿದ ಅಣಕುಗಾರ ನಾನು. ಹೆಸರು ಈರಣ್ಣ, ಮನೆಯಲ್ಲಿ ಈರ್ಯಾ, ವಠಾರದಲ್ಲಿ ಈರ. ಕಡ್ಡಿಯಂಥ ಮೈಗೆ ಎರಡು ಹಿಡಿಕೆಯ ಬೋಗುಣಿಯಂತೆ ಕಿವಿಗಳು. ದೇವರು ಕೇಳಲೆಂದೇ ಮಾಡಿ, ಉಳಿದದ್ದನ್ನು ಅರ್ಧಕ್ಕೆ ಬಿಟ್ಟಿದ್ದ. ಸೊಪ್ಪಿನವಳ ಕೂಗು, ಸ್ಟೇಷನ್ ಮೈಕಿನವನ ಮೂಗಿನ ದನಿ, ವಠಾರದ ಮಾಲೀಕರು ಮಾತಿಗೊಮ್ಮೆ ಗಂಟಲು ಸರಿಮಾಡಿಕೊಳ್ಳುವುದು, ಎಲ್ಲವನ್ನೂ ನಾನು ಮಾಡುತ್ತಿದ್ದೆ. ಆದರೆ ಎಲ್ಲವನ್ನೂ ಪಿಸುದನಿಯಲ್ಲಿ. ಗೋಡೆಯಾಚೆ ಅಪ್ಪ ಮಲಗಿದ್ದಾಗ ಈಚೆ ಅವ್ವನ ಕಿವಿಯ ಬಳಿ ಇಡೀ ಯಶವಂತಪುರವನ್ನು ಬೆಂಕಿಪೊಟ್ಟಣದ ಅಳತೆಗೆ ಇಳಿಸಿ ಆಡಿ ತೋರಿಸುತ್ತಿದ್ದೆ. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ನನ್ನ ದನಿ ನಿಜಕ್ಕೂ ಎಷ್ಟು ದೊಡ್ಡದಿದೆ ಎಂಬುದು ನನಗೇ ಗೊತ್ತಿರಲಿಲ್ಲ.

ಪಕ್ಕದ ಮನೆಯಲ್ಲಿ ನನ್ನ ಜೊತೆ ಓದುತ್ತಿದ್ದ ಬಾಷಾ ಇದ್ದ. ಅವನ ತಾಯಿಯನ್ನು ಅವನ ಚಿಕ್ಕಮ್ಮನ ಮಕ್ಕಳು ಕರೆಯುವಂತೆ ನಾನೂ ಖಾಲಾ ಎನ್ನುತ್ತಿದ್ದೆ. ಹಿಂದಿನ ಬೀದಿಯ ಒಂದು ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ಖಾಲಾ ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ಬಂದು ಅವ್ವನಿಗೆ ಹೇಳಿದಳು:

"ಶೆಡ್ಡಲ್ಲಿ ನಮ್ ಪಕ್ಕ ಕೂರೋ ಹುಡುಗಿ ಮದುವೆ ಆಗಿ ಹೋಗ್ತಾಳೆ. ಅವಳ ಜಾಗ ಖಾಲಿ. ನಿನ್ ಕೈ ರೊಟ್ಟಿ ಬಡಿದೂ ಬಡಿದೂ ಗಟ್ಟಿ ಐತೆ, ಬಾ. ದಿನಾ ಈ ಗೋಡೆ ನೋಡ್ಕೊಂಡು ಕೂತ್ರೆ ಹುಚ್ಚು ಹಿಡಿತೈತೆ."

ಅವ್ವ ಅಪ್ಪ ಏಳುವವರೆಗೆ ಕಾದು, ಚಹಾ ಕೊಟ್ಟು, ಕೇಳಿದಳು. ಅಪ್ಪ ಚಹಾದಲ್ಲಿ ನೊಣ ಬಿದ್ದಂತೆ ಲೋಟದೊಳಗೆ ನೋಡಿದ.

"ಹೆಂಗಸು ದುಡದ ತಂದದ್ದ ಉಣ್ಣೂವಂಥಾ ಕಾಲ ಇನ್ನೂ ಬಂದಿಲ್ಲ."

"ಉಣ್ಣೂದಕ್ಕಲ್ರೀ. ನನಗೂ ನಾಕ ಮಂದಿ ಜೋಡಿ ಕುಂತ ಮಾತಾಡಬೇಕ ಅನಸ್ತೈತಿ. ಈ ಮನಿಯಾಗ ನನ್ನ ಬಾಯಿ ತುಕ್ಕ ಹಿಡದೈತಿ."

"ನೀ ಹೋದ್ರ ಹಗಲಿ ನನ್ನ ನಿದ್ದಿ ಯಾರ ಕಾಯ್ತಾರ?"

ಅಪ್ಪ ನಿಜ ಹೇಳಿಬಿಟ್ಟಿದ್ದ. ಊರಿನವರ ಮಾತು, ಮಾನ ಮರ್ಯಾದೆ ಎಂದಿದ್ದರೆ ಅವ್ವ ಎರಡು ದಿನ ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ನಿದ್ದೆ ಎಂದದ್ದು ಅವಳಿಗೆ ನಾಟಿತು. ಮರುದಿನ ಮಧ್ಯಾಹ್ನ, ಅಪ್ಪ ಗಾಢ ನಿದ್ದೆಯಲ್ಲಿರುವ ಹೊತ್ತು ನೋಡಿ, ಅವ್ವ ಒಲೆ ಹಚ್ಚಿ, ಹಿಟ್ಟು ನಾದಿ, ರೊಟ್ಟಿ ಬಡಿಯಲು ಕೂತಳು. ಸದ್ದು ಗೋಡೆ ದಾಟಿತು, ವಠಾರ ದಾಟಿತು. ಅಪ್ಪ ಎದ್ದ. ಎದೆಮಟ್ಟದ ಗೋಡೆಯ ಮೇಲಿಂದ ಕೆಂಪು ಕಣ್ಣಿನಲ್ಲಿ ಅವಳನ್ನು ನೋಡುತ್ತ ನಿಂತ. ಅವ್ವ ತಲೆಯೆತ್ತದೆ ಇನ್ನೊಂದು ರೊಟ್ಟಿ ಬಡಿದಳು. ಅವತ್ತಿನಿಂದ ಇಬ್ಬರಿಗೂ ಮಾತು ನಿಂತಿತು.

ಮಾತು ನಿಂತಿತು ಎಂದರೆ ಮಾತಾಡಬೇಕಾದದ್ದು ನಿಲ್ಲುತ್ತದೆಯೇ? ಉಪ್ಪು ಬೇಕು, ಸೀಮೆಎಣ್ಣೆ ಮುಗಿದಿದೆ, ನಲ್ಲಿಯಲ್ಲಿ ನೀರು ಬಂದಿದೆ. ಅದಕ್ಕೆಲ್ಲ ನಾನಿದ್ದೆನಲ್ಲ. ನಾನು ಇಬ್ಬರ ನಡುವೆ ಗೋಡೆಯ ತುದಿಯಲ್ಲಿ ಕೂರಬೇಕು. ಅವ್ವ ಒಲೆಗೆ ಮುಖ ಮಾಡಿ ಹೇಳುತ್ತಿದ್ದಳು, ಅಪ್ಪ ಕಿಟಕಿಗೆ ಮುಖ ಮಾಡಿ ಕೇಳಿಸಿಕೊಳ್ಳುತ್ತಿದ್ದ. ಮೂರು ಮಾರು ದೂರದಲ್ಲಿ ಆಡಿದ ಮಾತು ಅವನಿಗೆ ಕೇಳಿಸದೆ ಇರುತ್ತದೆಯೇ? ಆದರೂ ನಾನು ತಿರುಗಿ ಹೇಳುವವರೆಗೆ ಕೇಳಿಸಿದಂತೆ ಲೆಕ್ಕವಲ್ಲ.

"ಈರ್ಯಾ, ನಿಮ್ಮಪ್ಪಗ ಹೇಳ. ಅನ್ನ ಆರಾಕ್ಹತ್ತೈತಿ."

ನಾನು ಅವ್ವನಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿದ ಹಾಗೆ ಕೈ ಮಾಡಿ, ಮೂಗರಳಿಸಿ, ಅಪ್ಪನಿಗೆ ಹೇಳುತ್ತಿದ್ದೆ. ಅಪ್ಪನ ಉತ್ತರವನ್ನು ಎದೆಯಲ್ಲಿ ಗೋಣಿಚೀಲ ಎಳೆದಂಥ ದನಿಯಲ್ಲಿ ಅವ್ವನಿಗೆ ಮುಟ್ಟಿಸುತ್ತಿದ್ದೆ. ಬೇಜಾರಾದಾಗ ಒಂದೆರಡು ಮಾತು ನನ್ನ ಕಡೆಯಿಂದಲೂ ಸೇರಿಸುತ್ತಿದ್ದೆ.

"ನಾಟಕ ಬ್ಯಾಡಲೇ, ಸಾದಾ ಹೇಳ" ಎಂದು ಅಪ್ಪ ರೇಗುತ್ತಿದ್ದ.

"ಈ 'ಸಾದಾ ಹೇಳ' ಅನ್ನೂದನ್ನ ಅವ್ವಗ ಹೇಳಬೇಕೋ, ಬ್ಯಾಡೋ?"

ಕಪಾಳಕ್ಕೆ ಬೀಳಬೇಕಾದ್ದು ಬೀಳಲಿಲ್ಲ, ಯಾಕೆಂದರೆ ಅಪ್ಪನಿಗೆ ಎದ್ದು ಬರುವಷ್ಟು ತ್ರಾಣ ಇರಲಿಲ್ಲ. ಮೊದಮೊದಲು ನನಗೆ ಇದೆಲ್ಲ ಮಜವಾಗಿಯೇ ಇತ್ತು. ಆಮೇಲೆ ಸುಸ್ತು ಹತ್ತಿತು. ಬೆಳಿಗ್ಗೆ ಕಣ್ಣು ಬಿಟ್ಟರೆ ಯಾರೋ ಒಬ್ಬರು "ಹೇಳ" ಎನ್ನುತ್ತಿದ್ದರು. ಉಣ್ಣುವಾಗ ತುತ್ತು ಬಾಯಲ್ಲಿಟ್ಟರೆ "ಹೇಳ". ರಾತ್ರಿ ಅಪ್ಪ ಸೈಕಲ್ ಏರಿ ಹೋದ ಮೇಲೆಯೇ ನನ್ನ ಪಾಳಿ ಮುಗಿಯುತ್ತಿದ್ದದ್ದು. ಮನೆಯಲ್ಲಿ ಇಬ್ಬರು ದಣಿದವರಿದ್ದರು, ನಾನು ಮೂರನೆಯವನಾದೆ.

ಇಂಥದರಲ್ಲಿ ಶಾಲೆಯಿಂದ ದೇವನಹಳ್ಳಿ ಕೋಟೆಗೆ ಕರೆದುಕೊಂಡು ಹೋಗುತ್ತೇವೆ ಎಂದರು. ಅಪ್ಪಣೆ ಕೇಳಿದರೆ ಅಪ್ಪ "ನಿಮ್ಮವ್ವಗ ಕೇಳ" ಎಂದ. ಅವ್ವ "ನಿಮ್ಮಪ್ಪಗ ಕೇಳ" ಎಂದಳು. ಇಬ್ಬರೂ ಬೇಡವೆನ್ನಲಿಲ್ಲವಾದ್ದರಿಂದ ಹೋಗಬಹುದು ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಪ್ರವಾಸದ ಹಿಂದಿನ ಸಂಜೆ ಖಾಲಾ ಬಾಗಿಲಲ್ಲಿ ನಿಂತು ಅವ್ವನಿಗೆ ಮೆಲ್ಲಗೆ ಹೇಳಿದ್ದು ನನ್ನ ಬೋಗುಣಿ ಕಿವಿಗೆ ಬಿತ್ತು.

"ಮೇಸ್ತ್ರಿ ಇನ್ನು ಕಾಯಲ್ಲಂತೆ. ನಾಡಿದ್ದು ಬೆಳಿಗ್ಗೆ ನೀನು ಬಂದ್ರೆ ಸರಿ. ಇಲ್ಲಾಂದ್ರೆ ಮತ್ತೀಕೆರೆಯಿಂದ ಒಬ್ಬಳು ಬರ್ತಾಳೆ. ಆಮೇಲೆ ಜಾಗ ಇಲ್ಲ."

ಅವ್ವ ಅಂದು ನನ್ನ ಕೈಯಲ್ಲಿ ಅಪ್ಪನಿಗೆ ಏನನ್ನೂ ಹೇಳಿ ಕಳಿಸಲಿಲ್ಲ.

ಪ್ರವಾಸದ ದಿನ ನಸುಕಿನಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದಿಗೇ ನನಗೆ ಎಚ್ಚರವಾಯಿತು. ಮೆತ್ತನೆಯ ರೊಟ್ಟಿಗಳ ನಡುವೆ ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ ಇಟ್ಟು ಬಟ್ಟೆಯಲ್ಲಿ ಗಂಟು ಕಟ್ಟಿಕೊಟ್ಟಳು. ನಾನು ಬಾಗಿಲು ದಾಟುವಷ್ಟರಲ್ಲಿ ಅಪ್ಪ ಸೈಕಲ್ಲಿನಿಂದ ಇಳಿದ. ಹ್ಯಾಂಡಲ್ಲಿಗೆ ನೇತುಹಾಕಿದ್ದ ಎಲೆಯ ಪೊಟ್ಟಣ ಬಿಚ್ಚಿ ನನ್ನ ಕೈಗಿಟ್ಟ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ರಾತ್ರಿ ಪಾಳಿಯವರಿಗೆ ಕೊಡುವ ಚಿತ್ರಾನ್ನ. ತನ್ನ ಪಾಲಿನದು, ಮುಟ್ಟದೆ ತಂದಿದ್ದ. ಮನೆಯಲ್ಲಿ ಇಬ್ಬರು ಮಾತಾಡಿಕೊಳ್ಳುವವರಾಗಿದ್ದರೆ ಒಂದೇ ಬುತ್ತಿ ಸಾಕಾಗುತ್ತಿತ್ತು. ಈಗ ನನ್ನ ಒಂದು ಕೈಯಲ್ಲಿ ಅವ್ವ, ಇನ್ನೊಂದು ಕೈಯಲ್ಲಿ ಅಪ್ಪ.

"ಪೂರಾ ಉಣ್ಣು" ಎಂದಳು ಅವ್ವ, ಗಂಟಿನ ಕಡೆ ನೋಡಿ.

"ಕೆಡಸಬ್ಯಾಡ" ಎಂದ ಅಪ್ಪ, ಪೊಟ್ಟಣದ ಕಡೆ ನೋಡಿ.

ಬಸ್ಸು ಹೆಬ್ಬಾಳದ ಕೆರೆ ದಾಟಿ, ಯಲಹಂಕ ದಾಟಿ, ಚಿಕ್ಕಜಾಲದ ಹತ್ತಿರ ದ್ರಾಕ್ಷಿ ತೋಟಗಳ ನಡುವೆ ಹೋಗುವಷ್ಟರಲ್ಲಿ ನಾನು ಡ್ರೈವರ್‌ನ ಕೆಮ್ಮು, ಬಸ್ಸಿನ ಗೇರು, ಎರಡನ್ನೂ ಮಾಡಿ ಮುಗಿಸಿದ್ದೆ. ನಮ್ಮನ್ನು ಕರೆದೊಯ್ಯುತ್ತಿದ್ದವರು ಚರಿತ್ರೆಯ ಶಾಮಣ್ಣ ಮೇಷ್ಟ್ರು. ಶಾಲೆಗೆ ಮೊದಲು ಮನೆಪಾಠ, ಶಾಲೆಯಾದ ಮೇಲೆ ಮನೆಪಾಠ ಹೇಳಿ ಹೇಳಿ ಅವರ ಗಂಟಲು ಬೇಸಗೆಯಲ್ಲೂ ಮಫ್ಲರಿನೊಳಗೇ ಇರುತ್ತಿತ್ತು. ಅವರ ದನಿ ಹೆಂಚಿನ ಮೇಲೆ ಬೆಕ್ಕು ನಡೆದ ಹಾಗೆ. ಬಸ್ಸಿನಲ್ಲಿ ಬಾಯಿ ತೆರೆದು ಮಲಗಿದ್ದರು. ಎಚ್ಚರವಿದ್ದಾಗಿಗಿಂತ ಆಗಲೇ ಬುದ್ಧಿವಂತರಂತೆ ಕಾಣುತ್ತಿದ್ದರು.

ಕೋಟೆ ಎಂದರೆ ಸಿಂಹಾಸನ, ಫಿರಂಗಿ, ರಾಣಿಯ ಕೊಳ ಎಂದೆಲ್ಲ ನಾವು ಅಂದುಕೊಂಡಿದ್ದೆವು. ಎತ್ತರದ ಬಾಗಿಲು, ದಪ್ಪ ಕಲ್ಲುಗೋಡೆ, ಅಲ್ಲಲ್ಲಿ ಬುರುಜು, ಎಲ್ಲ ಸರಿಯಾಗಿಯೇ ಇತ್ತು. ಆದರೆ ಒಳಗೆ ಕಾಲಿಟ್ಟರೆ ಒಂದು ಇಡೀ ಊರು ತನ್ನ ಪಾಡಿಗೆ ಬಾಳುತ್ತಿತ್ತು. ಕೋಳಿಗಳು, ಒಲೆಯ ಹೊಗೆ, ಎಮ್ಮೆ, ಗೋಡೆಯ ಮೇಲೆ ಹರವಿದ ಸೀರೆ.

"ಏನ್ ಮಗಾ ಇದು" ಎಂದ ಬಾಷಾ. "ನಮ್ ವಠಾರಾನೇ ತಂದು ಇಲ್ಲಿ ಇಟ್ಟವ್ರೆ. ಗೋಡೆ ಮಾತ್ರ ಸ್ವಲ್ಪ ದಪ್ಪ."

ಮೇಷ್ಟ್ರು ನಮ್ಮನ್ನು ಒಂದು ಬುರುಜಿನ ಮೇಲೆ ಹತ್ತಿಸಿ, ತಾವು ಅಲ್ಲೇ ಗೋಡೆಯ ನೆರಳಿನಲ್ಲಿ ಕೂತರು. ಅಲ್ಲಿ ಗಾಳಿಯೋ ಗಾಳಿ. ಅವರು "ಮಕ್ಕಳೇ" ಎಂದರೆ "ಮ" ಮಾತ್ರ ನಮಗೆ ಮುಟ್ಟುತ್ತಿತ್ತು, ಉಳಿದದ್ದು ನಂದಿ ಬೆಟ್ಟದ ಕಡೆ ಹಾರಿ ಹೋಗುತ್ತಿತ್ತು. ನಾಲ್ಕು ಸಲ ಪ್ರಯತ್ನಿಸಿ ಕೆಮ್ಮು ಬಂತು. ಆಮೇಲೆ ನನ್ನ ಕಡೆ ಬೆರಳು ಮಾಡಿದರು.

"ಏಯ್ ಈರಣ್ಣ, ಬಾರೋ ಇಲ್ಲಿ. ನೀನು ನನ್ನನ್ನ ಅಣಕಿಸ್ತೀಯಂತೆ?"

"ಯಾರ್ ಹೇಳಿದ್ದು ಸಾರ್?"

"ಎಲ್ಲಾರೂ. ಮಾಡು, ನೋಡೋಣ."

ಬಾಷಾ ಕಣ್ಣು ಮುಚ್ಚಿಕೊಂಡ. ನಾನು ಇಲ್ಲದ ಮಫ್ಲರನ್ನು ಸರಿಮಾಡಿಕೊಂಡು, ಹೆಂಚಿನ ಮೇಲೆ ಬೆಕ್ಕನ್ನು ನಡೆಸಿದೆ: "ಮಕ್ಕಳೇ, ಮೌನ! ಚರಿತ್ರೆ ನಿಮ್ಮನ್ನ ಕ್ಷಮಿಸಬಹುದು, ಹೆಡ್ ಮಾಸ್ಟ್ರು ಕ್ಷಮಿಸಲ್ಲ!" ಹುಡುಗರು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಮೇಷ್ಟ್ರು ನಗಲೂ ಇಲ್ಲ, ಬೈಯಲೂ ಇಲ್ಲ.

"ಪರವಾಗಿಲ್ಲ. ನನಗಿಂತ ನೀನೇ ಚೆನ್ನಾಗಿ ಮಾಡ್ತೀಯ. ನಾನು ಮೆತ್ತಗೆ ಹೇಳ್ತೀನಿ, ನೀನು ಇವ್ರಿಗೆ ಜೋರಾಗಿ ಹೇಳಪ್ಪಾ. ನನ್ ಕೈಲಿ ಆಗಲ್ಲ."

ಎಲ್ಲಿ ಹೋದರೂ ಇದೇ ಕೆಲಸವಾಯಿತಲ್ಲ ಎಂದುಕೊಂಡೆ. ಆದರೆ ಒಂದು ವ್ಯತ್ಯಾಸವಿತ್ತು. ಇಲ್ಲಿ ಯಾರೂ ಮಲಗಿರಲಿಲ್ಲ. ಮೇಷ್ಟ್ರು ಪಿಸುಗುಟ್ಟಿದ್ದನ್ನು ನಾನು ಬುರುಜಿನ ಅಂಚಿನಲ್ಲಿ ನಿಂತು ಎದೆ ತುಂಬ ಗಾಳಿ ಎಳೆದು ಕೂಗಿದೆ. ಮೊದಲು ಇದು ಮಣ್ಣಿನ ಕೋಟೆ! ಆಮೇಲೆ ಕಲ್ಲಿನದಾಯಿತು! ದನಿ ಎದುರಿನ ಗೋಡೆಗೆ ಹೋಗಿ ಬಡಿದು ತಿರುಗಿ ಬಂತು. ಇದು ನನ್ನದೇ ಎಂದು ನಂಬಲು ಕಷ್ಟವಾಯಿತು. ಬೆಂಕಿಪೊಟ್ಟಣದಲ್ಲಿ ಇಷ್ಟು ದಿನ ಇದು ಹೇಗೆ ಹಿಡಿಸಿತ್ತು? ಮೇಷ್ಟ್ರು ಕೆಳಗಿನ ಬಾಗಿಲನ್ನು ತೋರಿಸಿ ತಮ್ಮ ಹಳೆಯ ತಮಾಷೆಯೊಂದನ್ನು ನನ್ನ ಕಿವಿಯಲ್ಲಿ ಹೇಳಿದರು. ಅದನ್ನೂ ಕೂಗಿದೆ.

"ಕೋಟೆ ಬಾಗಿಲಿಗೆ ಅಗುಳಿ ಯಾವಾಗಲೂ ಒಳಗಡೆ ಇರುತ್ತೆ ಮಕ್ಕಳೇ! ಹೊರಗಡೆ ಇದ್ದರೆ ಅದು ಕೋಟೆಯಲ್ಲ, ಜೈಲು!"

ಕೆಳಗಿನ ಒಂದು ಮನೆಯಿಂದ ಮುದುಕಿಯೊಬ್ಬಳು ಪೊರಕೆ ಹಿಡಿದು ಹೊರಗೆ ಬಂದಳು.

"ಯಾವನ್ಲಾ ಅದು ಇಂಗ್ ಅರಚ್ಕತಾ ಇರೋದು? ಮಗ ಈಗ್ ತಾನೆ ಮಲಗೈತೆ! ಮೆತ್ಗೆ ಮಾತಾಡಕಾಗಕಿಲ್ವಾ?"

ಕೋಟೆಯೊಳಗೂ ಯಾರದೋ ನಿದ್ದೆ! ಒಂದು ಗಳಿಗೆ ನನ್ನ ಬಾಯಿ ತಾನಾಗಿ ಮುಚ್ಚಿತು. ಆಮೇಲೆ ಏನಾಯಿತೋ, ಹಟ ಬಂತು. ಮುದುಕಿಯ ಮಾತನ್ನು ಅವಳದೇ ದನಿಯಲ್ಲಿ ಅವಳಿಗೇ ತಿರುಗಿ ಕೂಗಿದೆ. ಅವಳು ಪೊರಕೆ ಎತ್ತಿ ತೋರಿಸಿ, ನಗು ಬಂದು, ಒಳಗೆ ಹೋದಳು. ಅಲ್ಲಿಂದ ಮುಂದೆ ನಾನು ನಿಲ್ಲಲಿಲ್ಲ. ಬುರುಜಿನಿಂದ ಬುರುಜಿಗೆ ಮೇಷ್ಟ್ರಾದೆ, ಕಾವಲುಗಾರನಾದೆ, ಮುತ್ತಿಗೆ ಹಾಕಿದ ದಳಪತಿಯಾದೆ, ಅವನ ಕುದುರೆಯೂ ಆದೆ. ಕೋಟೆಯ ಹೊರಗೆ ಸುಲ್ತಾನರು ಹುಟ್ಟಿದ ಜಾಗವೆಂದು ಕಲ್ಲುಕಂಬಗಳ ಪುಟ್ಟ ಮಂಟಪ ತೋರಿಸಿದಾಗ, ಹುಟ್ಟಿದ ಕೂಸಿನ ಅಳುವನ್ನೂ ಬಿಡಲಿಲ್ಲ.

ಊಟಕ್ಕೆ ಕೂತಾಗ ಗಂಟು, ಪೊಟ್ಟಣ ಎರಡನ್ನೂ ಬಿಚ್ಚಿದೆ. ಬಾಷಾ ಎರಡನ್ನೂ ನೋಡಿದ.

"ಒಂದು ನಂಗೆ ಕೊಡೋ. ಯಾವುದಾದ್ರೂ ಪರವಾಗಿಲ್ಲ."

"ಆಗಲ್ಲ ಮಗಾ. ಯಾವುದು ಕೊಟ್ರೂ ಆ ಕಡೆಯೋರು ಸೋತಂಗೆ."

"ನಿಮ್ದು ಮನೇನೋ, ಕಬಡ್ಡಿ ಕೋರ್ಟೋ?"

ರೊಟ್ಟಿಯೊಂದು ತುತ್ತು, ಚಿತ್ರಾನ್ನ ಒಂದು ತುತ್ತು. ಯಾವ ಕಡೆಯೂ ಮುಂದೆ ಹೋಗದ ಹಾಗೆ ಸಮನಾಗಿ ತಿಂದೆ. ಚಿತ್ರಾನ್ನ ತಣ್ಣಗಾಗಿ ಗಟ್ಟಿಯಾಗಿತ್ತು. ರಾತ್ರಿಯಿಡೀ ಅಪ್ಪ ಏನೂ ತಿಂದಿಲ್ಲವೆಂದು ಆಗ ಹೊಳೆಯಿತು. ಹಾಗೆ ನೋಡಿದರೆ ಅವ್ವನ ಬೆಳಗಿನ ಪಾಲೂ ನನ್ನ ಗಂಟಿನಲ್ಲೇ ಬಂದುಬಿಟ್ಟಿತ್ತು; ಮನೆಯ ಬುಟ್ಟಿಯಲ್ಲಿ ರೊಟ್ಟಿ ಉಳಿದದ್ದನ್ನು ನಾನು ನೋಡಿರಲಿಲ್ಲ. ಹೊಟ್ಟೆ ಬಿರಿಯುತ್ತಿದ್ದರೂ ಕೊನೆಯ ಅಗುಳನ್ನು ಬಿಡಲಿಲ್ಲ.

ವಾಪಸು ಬರುವಾಗ ಯಲಹಂಕದಲ್ಲಿ ಬಸ್ಸು ನಿಂತಿತು. ಕಡಲೆಕಾಯಿ ಮಾರುವವನನ್ನು ಅಣಕಿಸೋಣವೆಂದು ಬಾಯಿ ತೆರೆದೆ. ಗಾಳಿ ಬಂತು, ದನಿ ಬರಲಿಲ್ಲ. ಕೆಮ್ಮಿದೆ, ನೀರು ಕುಡಿದೆ, ಮತ್ತೆ ತೆರೆದೆ. ಪಂಕ್ಚರ್ ಆದ ಸೈಕಲ್ ಚಕ್ರದ ಸದ್ದು. ಬಾಷಾ ನನ್ನ ಮುಖವನ್ನೇ ನೋಡಿದ.

"ಆವಾಜ್ ಕಾಂ ಗಯಾ ರೇ? ದನಿ ಎಲ್ಲಿ ಹೋಯ್ತೋ?" ಎಂದ. ಆಮೇಲೆ ಎರಡೂ ಕೈ ಮೇಲೆತ್ತಿ, "ಶುಕರ್ ಹೈ ಅಲ್ಲಾ ಕಾ! ಯಶವಂತಪುರದ ತನಕ ನಿದ್ದೆ ಮಾಡ್ಬಹುದು" ಎಂದು ನನ್ನ ಹೆಗಲ ಮೇಲೆ ತಲೆಯಿಟ್ಟ. ಬಸ್ಸೆಲ್ಲ ಮಲಗಿತು. ನಾನೊಬ್ಬನೇ ಎಚ್ಚರವಿದ್ದೆ. ನಾಳೆ ಬೆಳಿಗ್ಗೆ ಖಾಲಾ ಬರುತ್ತಾಳೆ, ಅವ್ವ ಇವತ್ತು ಸಂಜೆ ಅಪ್ಪನಿಗೆ ಹೇಳಿಯೇ ಹೇಳುತ್ತಾಳೆ, ಹೇಳಲು ನಾನೇ ಬೇಕು. ಹೆಬ್ಬಾಳ ಬಂತು. ಗಂಟಲಿನಲ್ಲಿ ಮುಳ್ಳು ಮಾತ್ರ ಇತ್ತು.

ಮನೆಗೆ ಬಂದಾಗ ಅಪ್ಪ ಎದ್ದು ಮಂಚದ ಮೇಲೆ ಕೂತಿದ್ದ. ಅವ್ವ ಒಲೆಯ ಮುಂದೆ. ನಾನು ನನ್ನ ಜಾಗದಲ್ಲಿ, ಗೋಡೆಯ ತುದಿಯಲ್ಲಿ ಕೂತೆ.

"ಉಂಡಿ?" ಎಂದರು ಇಬ್ಬರೂ, ಒಂದೇ ಸಲ. ತಲೆಯಾಡಿಸಿದೆ. ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನು ಮತ್ತೆ ಒರೆಸಿಕೊಂಡಳು. ಆಮೇಲೆ ಒಲೆಯ ಕಡೆ ತಿರುಗಿ ಹೇಳಿದಳು.

"ನಿಮ್ಮಪ್ಪಗ ಹೇಳ. ನಾಳಿ ಮುಂಜಾನಿ ನಾ ಶೆಡ್ಡಿಗೆ ಹೋಗಾಕಿ ಅದೀನಿ. ಬ್ಯಾಡ ಅನ್ನೂದಿದ್ರ ಈಗ ಅನ್ನಲಿ."

ಅಪ್ಪ ಕಿಟಕಿಯ ಕಡೆ ನೋಡುತ್ತ ಕಾದ. ನಾನು ಬಾಯಿ ತೆರೆದೆ. ಚಕ್ರದಿಂದ ಗಾಳಿ ಹೋಯಿತು. ಅಪ್ಪ ತಿರುಗಿ ನನ್ನನ್ನು ನೋಡಿದ. ಮತ್ತೆ ಪ್ರಯತ್ನಿಸಿದೆ. ಕುತ್ತಿಗೆಯ ನರ ಉಬ್ಬಿತೇ ಹೊರತು ಏನೂ ಬರಲಿಲ್ಲ.

"ಏನಾತಲೇ?" ಎಂದ ಅಪ್ಪ.

ನಾನು ಗಂಟಲು ಮುಟ್ಟಿ, ಕೈಯಲ್ಲಿ ಬುರುಜು ಕಟ್ಟಿ, ಅದರ ಮೇಲೆ ನಿಂತು ಕೂಗುವವನನ್ನು ಮಾಡಿ ತೋರಿಸಿದೆ. ಅಪ್ಪನಿಗೆ ಅರ್ಥವಾಯಿತೋ ಇಲ್ಲವೋ. ಅವ್ವ ಹೇಳಿದ್ದು ಗೋಡೆಯ ಈಚೆಯೇ ಬಿದ್ದಿತ್ತು. ಅದನ್ನು ಆಚೆ ಒಯ್ಯುವವರು ಇರಲಿಲ್ಲ. ಹೊರಗೆ ಗೂಡ್ಸ್ ಗಾಡಿಯೊಂದು ಬಂತು. ಅದರ ಕೊನೆಯ ಡಬ್ಬಿ ಹೋಗುವವರೆಗೆ ಅಪ್ಪ ಕಿಟಕಿಯ ಸೀರೆಯನ್ನೇ ನೋಡಿದ.

"ಅವಂಗ ಬಿಸಿನೀರಾಗ ಉಪ್ಪ ಹಾಕಿ ಕೊಡ" ಎಂದ.

'ಹೇಳ' ಎನ್ನಲಿಲ್ಲ. ನೇರವಾಗಿ ಅವಳಿಗೇ ಹೇಳಿದ. ಅವ್ವನ ಬೆನ್ನು ಅಲುಗಾಡಲಿಲ್ಲ.

"ಇಟ್ಟೇನ್ರಿ" ಎಂದಳು.

ಅಪ್ಪ ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡ.

"ಎಷ್ಟೊತ್ತಿಗೆ ಹೋಗೂದು?"

"ಎಂಟಕ್ಕ."

"ನನಗ ಚಾ ಕೊಟ್ಟ ಹೋಗ್ತಿ?"

"ಕೊಟ್ಟ ಹೊಕ್ಕೇನಿ."

"ಹುಡುಗೂರು ಬಾಗಲಾ ಬಡೀತಾವ. ಸೊಪ್ಪಿನಾಕಿ ಬಡೀತಾಳ. ಎದ್ದ ಎದ್ದ ಬರಾಕ ನನ್ನ ಕಡಿಂದ ಆಗೂದಿಲ್ಲ." ಅಪ್ಪ ಮತ್ತೆ ಮಲಗಿದ, ಗೋಡೆಯ ಕಡೆ ಮುಖ ಮಾಡಿ. "ಹೊರಗಿಂದ ಕೀಲಿ ಹಾಕ್ಕೊಂಡ ಹೋಗ. ಕೀಲಿ ಕಂಡ್ರ ಯಾರೂ ಬಡ್ಯಾಂಗಿಲ್ಲ."

ಹೊರಗಡೆ ಅಗುಳಿ ಇದ್ದರೆ ಅದು ಕೋಟೆಯಲ್ಲ! ಹೇಳಲು ಎಂಥ ಚೆಂದದ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಜೀವನದಲ್ಲಿ ಅಂಥ ಸಂದರ್ಭ ಮತ್ತೆ ಸಿಗಲಿಲ್ಲ. ದನಿ ದೇವನಹಳ್ಳಿಯಲ್ಲಿತ್ತು. ಅವ್ವ ಉಪ್ಪುನೀರು ತಂದು ನನ್ನ ಕೈಗಿಟ್ಟಳು.

ಅವತ್ತು ಅವರಿಬ್ಬರು ಆಡಿದ ದನಿಗಳನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಾನು ಮಾಡುತ್ತಿದ್ದ ಅವ್ವ ಮೂಗರಳಿಸಿ ಸೊಂಟಕ್ಕೆ ಕೈಯಿಡುವವಳು. ನಾನು ಮಾಡುತ್ತಿದ್ದ ಅಪ್ಪ ಗೋಣಿಚೀಲ ಎಳೆಯುವವನು. ಅದಕ್ಕೆ ವಠಾರವೆಲ್ಲ ನಗುತ್ತಿತ್ತು. ಇವರು ಬೇರೆ ಯಾರೋ ಆಗಿದ್ದರು. ಇಬ್ಬರದೂ ಒಂದೇ ಬಗೆಯ ದನಿ, ದಿನವೆಲ್ಲ ಹೊತ್ತದ್ದನ್ನು ಕೆಳಗಿಳಿಸುವಾಗ ಬರುವಂಥದ್ದು.

ಮರುದಿನ ಬೆಳಿಗ್ಗೆ ಖಾಲಾ ಬಂದು ಕರೆದಳು. ಅವ್ವ ಚಹಾ ಕೊಟ್ಟು, ಹೊರಗೆ ಬಂದು, ಬಾಗಿಲೆಳೆದು ಕೀಲಿ ಹಾಕಿ ಎರಡು ಸಲ ಜಗ್ಗಿ ನೋಡಿದಳು. ಕೀಲಿಕೈ ದಾರಕ್ಕೆ ಕಟ್ಟಿ ನನ್ನ ಕೊರಳಿಗೆ ಹಾಕಿದಳು. ಶಾಲೆ ಬಿಟ್ಟು ಬಂದು ಅಪ್ಪನನ್ನು ಬಿಡಿಸುವುದು ನನ್ನ ಕೆಲಸ. ಬೀಗ ಕಂಡು ಸೊಪ್ಪಿನವಳು ಕೂಗದೆ ಮುಂದೆ ಹೋದಳಂತೆ. ಅಷ್ಟು ದಿನ ಅವ್ವ ಬೆರಳು ತುಟಿಗಿಟ್ಟು ಕಾದದ್ದನ್ನು ಒಂದು ಕಬ್ಬಿಣದ ತುಂಡು ಕಾಯುತ್ತಿತ್ತು. ಮನೆಯೊಳಗೆ ನನಗಿದ್ದ ಉದ್ಯೋಗವೂ ಹೋಯಿತು. ಉಪ್ಪು ಬೇಕಾದರೆ ಅವರವರೇ ಕೇಳಿಕೊಳ್ಳುತ್ತಿದ್ದರು. ಹೆಚ್ಚು ಮಾತೇನೂ ಇರಲಿಲ್ಲ. ಒಬ್ಬರು ಬರುವಾಗ ಒಬ್ಬರು ಹೊರಡುವವರು. ಆದರೂ ನಡುವೆ ನಾನಿರಲಿಲ್ಲ.

ದನಿ ತಿರುಗಿ ಬಂದದ್ದು ಕೆಲವು ದಿನ ಕಳೆದ ಮೇಲೆ. ಅವತ್ತು ನಾನು ಕೀಲಿ ತೆಗೆದಾಗ ಅಪ್ಪ ಇನ್ನೂ ಮುಸುಕು ಹಾಕಿ ಮಲಗಿದ್ದ. ಸ್ವಲ್ಪ ಹೊತ್ತಿಗೆ ಅವ್ವ ಬಂದಳು. ತಾಮ್ರದ ತಂತಿ ಕೊಯ್ದು ಬೆರಳ ತುದಿಗೆಲ್ಲ ಬಟ್ಟೆ ಸುತ್ತಿಕೊಂಡಿದ್ದಳು. ಹೊಸ್ತಿಲ ಮೇಲೆ ಕೂತು ಕಾಲು ಚಾಚಿದಳು. ಅವಳ ಬಾಯಲ್ಲಿ ಶೆಡ್ಡಿನ ಹೆಂಗಸರ ಸುದ್ದಿ ತುಂಬಿರುತ್ತಿತ್ತು, ಹೇಳಲು ಮಾತ್ರ ತ್ರಾಣವಿರುತ್ತಿರಲಿಲ್ಲ. ನಾನು ಪಿಸುದನಿಯಲ್ಲಿ ಕೋಟೆಯ ಮುದುಕಿಯನ್ನು ಮಾಡಿ ತೋರಿಸಿದೆ. ಅವಳು ಕಣ್ಣು ಮುಚ್ಚಿಕೊಂಡೇ ಮುಗುಳ್ನಕ್ಕಳು. ಆಮೇಲೆ ಕೇಳಿದಳು:

"ಆವತ್ತ ನಿಮ್ಮಪ್ಪ ನನಗ ಏನಂದ್ರು, ಅದನ್ನ ಒಂದ ಸಲ ಅಂದ ತೋರಸು."

ನಾನು ಗೋಣಿಚೀಲ ಎಳೆದೆ. "ಹೊರಗಿಂದ ಕೀಲಿ ಹಾಕ್ಕೊಂಡ ಹೋಗ."

"ಹಂಗಲ್ಲ."

ದನಿ ತಗ್ಗಿಸಿ, ಗಂಟಲಿನಲ್ಲಿ ಸ್ವಲ್ಪ ನಿದ್ದೆ ಬೆರೆಸಿ, ಇನ್ನೊಮ್ಮೆ ಹೇಳಿದೆ.

"ಹಂಗೂ ಅಲ್ಲ" ಎಂದಳು ಅವ್ವ.

ಇನ್ನು ಹೇಗೆ ಮಾಡುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿರುವಾಗ, ಎದೆಮಟ್ಟದ ಗೋಡೆಯಾಚೆ ಮಂಚ ಕಿರುಗುಟ್ಟಿತು. ಮುಸುಕಿನೊಳಗಿಂದಲೇ ಅಪ್ಪ ಹೇಳಿದ:

"ಹೊರಗಿಂದ ಕೀಲಿ ಹಾಕ್ಕೊಂಡ ಹೋಗ."

"ಹೂಂ, ಹಂಗ" ಎಂದಳು ಅವ್ವ. ನನ್ನ ಕಡೆ ನೋಡಲಿಲ್ಲ. ಗೋಡೆಯ ಕಡೆ ತಿರುಗಿ ಹೇಳಿದ್ದಳು.